ಹಿಂದಿನಿಂದ ಕರೆಯಲಿಲ್ಲ

ಹೊನ್ನಾವರದ ಬಂದರಿನಲ್ಲಿ ದೇವುವಿನಷ್ಟು ಗುಟ್ಟಿನ ಮನುಷ್ಯ ಇನ್ನೊಬ್ಬನಿರಲಿಲ್ಲ. ಮೀನು ಸಿಕ್ಕ ಜಾಗವನ್ನು ಹೆಂಡತಿ ಸುಬ್ಬಿಗೂ ಬಾಯಿಬಿಟ್ಟು ಹೇಳುವವನಲ್ಲ. ಆದರೆ ಬೋಟಿನ ವೈರ್‌ಲೆಸ್‌ನಲ್ಲಿ ಗುಟ್ಟು ಎಲ್ಲಿ ಉಳಿಯಬೇಕು? ಬಂಗಡೆ ಸಿಕ್ಕಿತೆಂದು ಇವನು ದಡಕ್ಕೆ ತಿಳಿಸುವಷ್ಟರಲ್ಲಿ ಭಟ್ಕಳದ ಬೋಟುಗಳೂ ಅತ್ತ ಮೂತಿ ತಿರುಗಿಸಿರುತ್ತಿದ್ದವು. ಮನೆಗೆ ಬಂದು ಬೈದದ್ದೇ ಬೈದದ್ದು.

ಮಗಳು ಸುಚಿತಾ ಕುಮಟಾದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಾಳೆ. ಕೇಳಿ ಕೇಳಿ ಸಾಕಾಗಿ ಅವಳೊಂದು ಆ್ಯಪ್ ಬರೆದಳು. ಅಪ್ಪ ಫೋನಿನಲ್ಲಿ ಆಡಿದ ಮಾತು ಎನ್‌ಕ್ರಿಪ್ಟ್ ಆಗಿ, ಅಂದರೆ ಬೀಗ ಹಾಕಿಸಿಕೊಂಡು, ಬೋಟಿನ ರೇಡಿಯೊ ಪೆಟ್ಟಿಗೆಯ ಮೂಲಕ ಅವಳ ಫೋನಿಗೆ ಬರಬೇಕು. ನಡುವೆ ಯಾರು ಹಿಡಿದರೂ ಬರೀ ಗೊರಗೊರ. ಬೀಗವೇನೋ ಗಟ್ಟಿಯಾಗಿತ್ತು. ಆದರೆ ಪ್ರತಿ ಮಾತಿಗೂ ಹೊಸ ಕೀಲಿ ಲೆಕ್ಕ ಹಾಕಿ ದೇವುವಿನ ಹಳೇ ಫೋನು ದೋಸೆ ಕಾವಲಿಯಂತೆ ಕಾಯುತ್ತಿತ್ತು. ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ.

"ಎಂತ ಬೀಗ ಮಾರಾಯ್ತಿ ಇದು! ಬಾಗಿಲಿಗಿಂತ ಭಾರ!" ಎಂದು ದೇವು ಗೊಣಗಿದ.

ಸುಚಿತಾ ಹಟ ಬಿಡಲಿಲ್ಲ. ಭಾರದ ಲೆಕ್ಕವನ್ನೆಲ್ಲ ದಡಕ್ಕೆ ತಂದಳು. ಫೋನು ಮನೆಯಲ್ಲಿ ಚಾರ್ಜಿಗಿದ್ದಾಗಲೇ ಆ ದಿನದ ಮಾತಿಗೆಲ್ಲ ಒಂದೇ ಕೀಲಿ ತಯಾರಾಗುವುದು. ಹೊರಡುವ ಮುಂಚೆ ಬೋಟು ಕಟ್ಟುವ ಧಕ್ಕೆಯಲ್ಲಿ ಎರಡೂ ಫೋನುಗಳನ್ನು ತಾಗಿಸಿದರೆ ಕೀಲಿ ಅವಳ ಫೋನಿಗೂ ಬರುವುದು. ಕಡಲಿನಲ್ಲಿ ಹಗುರ ಕೆಲಸವಷ್ಟೇ. ಬೋಟು ಮರಳುವವರೆಗೂ ಬ್ಯಾಟರಿ ಉಳಿಯಿತು. ದೇವು ಎಷ್ಟು ಹಿಗ್ಗಿದನೆಂದರೆ, ತನ್ನ ಬಳಿ ಗುಟ್ಟಿನ ಯಂತ್ರವಿದೆಯೆಂದು ಬಂದರಿಗೆಲ್ಲ ಸಾರಿಕೊಂಡು ಬಂದ.

ಬೀಗ ಬಿದ್ದ ಮೇಲೆ ಅವನ ಬಾಯಿ ತೆರೆಯಿತು. ಮೀನಿನ ಸುದ್ದಿಯ ಜೊತೆ, ಎದುರಿಗೆ ಯಾವತ್ತೂ ಆಡದ ಮಾತುಗಳೂ ಬರತೊಡಗಿದವು. "ಸುಬ್ಬೀ, ನಿನ್ನೆ ರೇಗಿದ್ದು ತಪ್ಪಾತು." ಸುಬ್ಬಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಇನ್ನೊಮ್ಮೆ ಹಾಕು ಎಂದು ಮಗಳಿಗೆ ಹೇಳುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಗಂಡ ಹೆಂಡಿರಿಗೆ ಜಗಳವಾಯಿತು. ಎದೆನೋವಿಗೆ ಡಾಕ್ಟರರ ಹತ್ತಿರ ಹೋಗೆಂದು ಅವಳು, ಗ್ಯಾಸ್ ಆಗಿದ್ದೆಂದು ಅವನು. ದೇವು ಮುಖ ಊದಿಸಿಕೊಂಡು ಹೊರಟುಹೋದ. ಫೋನು ತಾಗಿಸುವುದು ಮರೆತೇಹೋಯಿತು. ಸುಚಿತಾ ತಾಯಿಯನ್ನು ಎಳೆದುಕೊಂಡು ಧಕ್ಕೆಗೆ ಓಡಿದಳು. ಹಗ್ಗ ಬಿಚ್ಚಿಯಾಗಿತ್ತು, ಅಪ್ಪ ಬೆನ್ನು ಮಾಡಿ ನಿಂತಿದ್ದ. ಅವಳು "ಅಪ್ಪಾ" ಎನ್ನುವಷ್ಟರಲ್ಲಿ ಸುಬ್ಬಿ ಅವಳ ಬಾಯಿ ಮುಚ್ಚಿದಳು.

"ಕಡಲಿಗೆ ಹೊರಟವರನ್ನ ಹಿಂದಿಂದ ಕರೀತಾರೇನೆ? ಒಂದಿನ ಮಾತಿಲ್ದಿದ್ರೆ ಎಂತ ಆಗ್ತದೆ?"

ಬಂದರಿನವರು ನಾವೆಲ್ಲ ಅಲ್ಲೇ ಇದ್ದೆವು. ಸುಬ್ಬಿಯದು ತಪ್ಪೆಂದು ಒಬ್ಬರಿಗೂ ಅನಿಸಲಿಲ್ಲ. ನಮ್ಮಲ್ಲಿ ಯಾರಾಗಿದ್ದರೂ ಹಾಗೇ ಮಾಡುತ್ತಿದ್ದರು.

ಮಧ್ಯಾಹ್ನ ಸಂದೇಶ ಬಂತು. ಕೀಲಿ ಇಲ್ಲವೆಂದು ಸುಚಿತಾಳ ಫೋನು ಹೇಳಿತು. ಅದರ ಹಿಂದೆಯೇ ಬೋಟೂ ಬಂತು, ದೇವುವಿನ ಮೇಲೆ ತಾಡಪಾಲು ಹೊದೆಸಿಕೊಂಡು.

"ಫೋನಲ್ಲಿ ಎಂತದೋ ಹೇಳ್ತಾ ನಗ್ತಿದ್ರು ಸುಬ್ಬಕ್ಕ," ಎಂದ ಬೋಟಿನಲ್ಲಿ ಜೊತೆಗಿದ್ದ ಭಾಸ್ಕರ. "ಎಂಜಿನ್ ಗಲಾಟೆಲಿ ಕೇಳ್ಲಿಲ್ಲ. ಕಳಿಸಿದ್ದೇ ಎದೆ ಹಿಡ್ಕಂಡು ಕುಸಿದ್ರು. ಫೋನು ನೀರಿಗೆ ಹೋತು."

ಕಾರ್ಯಗಳೆಲ್ಲ ಮುಗಿದ ಮೇಲೆ ಸುಬ್ಬಿ ಮಗಳ ಮುಂದೆ ಕೂತಳು. "ನೀನೇ ಮಾಡಿದ ಬೀಗ ಅಲ್ದಾ? ತೆಗಿ."

"ಕೀಲಿ ಅಪ್ಪನ ಫೋನಲ್ಲೇ ಹೋಯ್ತಮ್ಮಾ. ಅದಿಲ್ದೆ ಯಾರ ಕೈಲೂ ಆಗದ ಹಾಗೇ ಮಾಡಿದ್ದೆ."

ಇದೇ ಮಾತನ್ನು ಅವಳು ಕ್ಲಾಸಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ಈಗ ಹೇಳುವಾಗ ತನ್ನ ಕೈಕೆಲಸದ ಮೇಲೆ ತನಗೇ ಅಸಹ್ಯವಾಯಿತು. ಅಪ್ಪ ಕ್ಷಮೆ ಕೇಳಿದ್ದನೋ, ಬರೀ ಬಂಗಡೆಯ ಸುದ್ದಿ ಹೇಳಿದ್ದನೋ, ಇನ್ನು ಗೊತ್ತಾಗುವುದಿಲ್ಲ. ಸುಬ್ಬಿ ತೆರೆಯದ ಆ ಸಂದೇಶವನ್ನು ಬೆರಳಿನಿಂದ ಮತ್ತೆ ಮತ್ತೆ ಒತ್ತಿದಳು.

ಬೋಟು ಮತ್ತೆ ಕಡಲಿಗಿಳಿದ ದಿನ ಸುಬ್ಬಿಯೂ ಧಕ್ಕೆಗೆ ಬಂದಳು. ಹಗ್ಗ ಬಿಚ್ಚಿ ಭಾಸ್ಕರ ಬೆನ್ನು ತಿರುಗಿಸಿದ್ದಷ್ಟೇ.

"ಭಾಸ್ಕರಾ!"

ಧಕ್ಕೆಯೇ ಬೆಚ್ಚಿತು. ಯಾರೂ ಬೈಯಲಿಲ್ಲ. ಭಾಸ್ಕರ ತಿರುಗಿ ನೋಡಿದ. "ಎಂತ ಸುಬ್ಬಕ್ಕ?"

"ಎಂತ ಇಲ್ಲ, ಹೋಗ್ಬಾ" ಎಂದಳು ಸುಬ್ಬಿ. ಆಮೇಲೆ ಮಗಳ ಹೆಗಲು ಹಿಡಿದು ಬಿಕ್ಕಿದಳು.

"ಕರೆದ್ರೆ ತಿರುಗಿ ನೋಡ್ತಾರಲ್ಲೇ ಮಗಾ."