ಹೆಸ್ಟರ್ ಕಟ್ಟಿದ ಸುಳ್ಳು ತೋಟಾ

ನನ್ನ ಗಂಡ ಸಾರೆಲ್‌ಗೆ ಕೋವಿ ಹಾರಿಸುವುದು ಗೊತ್ತು, ತೋಟಾ ಕಟ್ಟುವುದು ಗೊತ್ತಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಖಾಲಿ ಹಿತ್ತಾಳೆ ಕೊಳವೆ ತೊಳೆದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತುವುದಕ್ಕೆ ಅಡುಗೆಮನೆಯ ಪಕ್ಕ ನನ್ನದೇ ಮೇಜಿದೆ. ಅಲ್ಲಿಗೆ ಬಂದರೆ ಅವನು ಕೈಕಟ್ಟಿ ನಿಲ್ಲಬೇಕು.

ದಕ್ಷಿಣ ಆಫ್ರಿಕದ ಲಿಂಪೊಪೊದಲ್ಲಿ, ನಮ್ಮ ಕಡೆಯ ಗಂಡಸರಿಗೆ ಒಂದು ಹುಚ್ಚಿದೆ. ಯಾರ ತೋಟಾ ದೊಡ್ಡದೋ ಅವನೇ ದೊಡ್ಡ ಬೇಟೆಗಾರ. ಸಾರೆಲ್‌ನದು ಅವರಪ್ಪನ ಕಾಲದ, ನಾನೂರ ಐವತ್ತೆಂಟು ಅಳತೆಯ ಭಾರೀ ಕೋವಿ. ಹೋದ ವರ್ಷ ಟ್ರಕ್ಕಿನಿಂದ ಬಿದ್ದು ಬಲಭುಜ ಮುರಿದುಕೊಂಡ. ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಜಾತಿ. ಮೂಳೆ ಕೂಡಿತು, ಆದರೆ ಆ ಕೋವಿಯ ಒದೆತವನ್ನು ಭುಜ ಮರೆಯಲಿಲ್ಲ. ಕುದುರೆ ಎಳೆಯುವ ಮೊದಲೇ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅದು ನನಗೆ ಗೊತ್ತಿತ್ತು, ಅವನಿಗೆ ಗೊತ್ತಿರಲಿಲ್ಲ.

ಪಕ್ಕದ ಜಮೀನಿಗೆ ಬೇಟೆಗೆ ಬಂದಿದ್ದ ಯಾವನೋ ಪುಣ್ಯಾತ್ಮ ಒಂದು ಕಾಡುಕೋಣಕ್ಕೆ ಗಾಯಮಾಡಿ ಬಿಟ್ಟ. ಅದು ನದಿಯ ಜೊಂಡು ಸೇರಿತು. ಗಾಯದ ಕೋಣವನ್ನು ಹುಡುಕಿ ಮುಗಿಸುವುದು ಸಾರೆಲ್‌ನ ಕೆಲಸ. ಹೆಜ್ಜೆ ನೋಡುತ್ತ ಮುಂದೆ ಹೋಗುವವನು ರಿಸಿಮಾಟಿ. ಇಬ್ಬರೂ ಮೀಸೆ ಮೂಡುವ ಮೊದಲಿನಿಂದ ಜೊತೆಗೆ ಕಾಡು ಸುತ್ತಿದವರು. ಸಾರೆಲ್‌ನ ಗುಂಡು ತಪ್ಪಿದರೆ ಮೊದಲು ಹೋಗುವುದು ರಿಸಿಮಾಟಿಯ ಜೀವ.

"ನನ್ನ ಮುನ್ನೂರ ಎಪ್ಪತ್ತೈದು ತಗೊಂಡು ಹೋಗು, ಒದೆತ ಕಮ್ಮಿ," ಅಂದೆ.

"ಆ ಹೆಂಗಸ್ರ ಕೋವೀನಾ? ಕೋಣಕ್ಕೆ ಕಚಗುಳಿ ಇಡಕ್ಕಾ?"

"ಕೋಣಕ್ಕೆ ಸಾಕು ಅಂತ ಕಾನೂನೇ ಅಂದಿರೋ ತೋಟಾ ಅದು. ಬೀಳಬೇಕಾದ ಕಡೆ ಬಿದ್ರೆ ಆಯ್ತಲ್ಲ."

"ನಂದು ಎಲ್ಲಿ ಬಿದ್ರೂ ಕೆಡವುತ್ತೆ ಕಣೇ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾಲಿಗೆ ತಾಗಿದ ಗುಂಡು ಎಷ್ಟು ದಪ್ಪ ಇದ್ದರೇನು, ಕೋಣ ನಿಲ್ಲುತ್ತದೆಯೇ? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನ ಜೊತೆ ವಾದ ಮಾಡಿ ಫಲವಿಲ್ಲ. ನನ್ನ ಮೇಜಿಗೆ ಹೋದೆ. ಒಂದು ಕೊಳವೆಯಲ್ಲಿ ಉರಿದುಹೋದ ಹಳೇ ಕೇಪನ್ನೇ ಬಿಟ್ಟು, ಮದ್ದಿನ ಬದಲು ಜೋಳದ ತರಿ ತುಂಬಿ, ಮೇಲೆ ಗುಂಡು ಒತ್ತಿದೆ. ನೋಡುವುದಕ್ಕೆ ಅಪ್ಪಟ ತೋಟಾ.

ಕಾಡಿಗೆ ಹೊರಡುವ ಮೊದಲು ಹುತ್ತಕ್ಕೆ ಕಾಗದ ಅಂಟಿಸಿ ಗುರಿ ನೋಡುವುದು ನಮ್ಮಲ್ಲಿ ಎಲ್ಲರೂ ಮಾಡುವುದೇ. ರಿಸಿಮಾಟಿಯೂ ಬಂದು ಪಕ್ಕದಲ್ಲಿ ನಿಂತಿದ್ದ. ಸಾರೆಲ್‌ನ ಅಂಗೈಗೆ ನಾನೇ ಒಂದೊಂದಾಗಿ ತೋಟಾ ಹಾಕಿದೆ. ಮೊದಲನೆಯದು ನಿಜದ್ದು. ಢಂ ಎಂದಿತು, ಕಾಗದಕ್ಕೆ ತಾಗಲಿಲ್ಲ.

"ಗಾಳಿ," ಅಂದ.

ಎರಡನೆಯದು ಟಕ್ ಎಂದಷ್ಟೇ ಸದ್ದು ಮಾಡಿತು. ಒದೆತವೇ ಇರಲಿಲ್ಲ, ಆದರೂ ಸಾರೆಲ್‌ನ ಕೈ ಕೋವಿಯ ಮೂತಿಯನ್ನು ನೆಲದ ಕಡೆಗೆ ಜಗ್ಗಿತು. ಕಣ್ಣು ಬಿಗಿಯಾಗಿ ಮುಚ್ಚಿತ್ತು, ಭುಜ ಕಿವಿಗೆ ಏರಿತ್ತು. ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡಿದ.

"ಅದ್ರಲ್ಲಿ ಮದ್ದಿಲ್ಲ. ಕೊಡು ಇಲ್ಲಿ," ಅಂದು ಆ ತೋಟಾ ಕಿತ್ತುಕೊಂಡೆ.

"ಮೋಸ ಮಾಡ್ತೀಯೇನೇ, ಗಂಡನಿಗೆ!"

"ಹೌದು, ಮಾಡ್ದೆ! ಇಲ್ಲಿ ಮಾನ ಹೋದ್ರೆ ಹೋಗ್ಲಿ, ಜೊಂಡಲ್ಲಿ ಜೀವ ಹೋಗೋದು ಬೇಡ."

ಅವನು ಹಲ್ಲು ಕಡಿದ. ಆಗ ರಿಸಿಮಾಟಿ ಮೆಲ್ಲಗೆ, "ಸಾರೆಲಣ್ಣ, ಮುಂದೆ ನಡೆಯೋನು ನಾನು," ಅಂದ.

ಸಾರೆಲ್ ಹುತ್ತದ ಹತ್ತಿರ ಹೋಗಿ, ತೂತಿಲ್ಲದ ಕಾಗದವನ್ನು ಬೆರಳಿಂದ ಸವರಿ ಬಂದ. ಆಮೇಲೆ ಅಪ್ಪನ ಕೋವಿಯನ್ನು ನನ್ನ ಕೈಗೆ ಕೊಟ್ಟು, ನನ್ನದಕ್ಕೆ ಕೈಚಾಚಿದ. ಅದರಲ್ಲಿ ಹಾರಿಸಿದ ಗುಂಡುಗಳೆಲ್ಲ ಕಾಗದದ ನಡುವಿಗೇ ಬಿದ್ದವು. ರಿಸಿಮಾಟಿಯನ್ನು ಕರೆದುಕೊಂಡು ಹೊರಟ.

ಆ ಮಧ್ಯಾಹ್ನ ನಾನು ಕಿಟಕಿ ಬಿಟ್ಟು ಕದಲಲಿಲ್ಲ. ನದಿಯ ಕಡೆಯಿಂದ ಒಂದು ಢಂ, ಹಿಂದೆಯೇ ಇನ್ನೊಂದು ಕೇಳಿತು. ಆಮೇಲೆ ಏನೂ ಇಲ್ಲ. ಒಲೆಯ ಮೇಲಿನ ಗಂಜಿ ಸೀದುಹೋದದ್ದೂ ತಿಳಿಯಲಿಲ್ಲ. ಕೊನೆಗೆ ಟ್ರಕ್ಕು ಬಂತು. ಇಬ್ಬರೂ ಇಳಿದರು. ರಿಸಿಮಾಟಿಯ ಅಂಗಿ ತುಂಬ ಕೆಸರು.

"ಕೋಣ ಪಕ್ಕದಿಂದ ನುಗ್ತು ಹೆಸ್ಟರಕ್ಕ. ನಾನು ಜಾರಿ ಬಿದ್ದೆ. ಸಾರೆಲಣ್ಣ ನನ್ನ ಮೇಲೇ ಕಾಲಗಲಿಸಿ ನಿಂತು ಹೊಡೆದು ಕೆಡವಿದ. ಕೆಳಗಿಂದ ನೋಡ್ದೆ, ಎರಡು ಕಣ್ಣೂ ಇಷ್ಟಗಲ ತೆರೆದಿದ್ವು!"

ಸಾರೆಲ್ ಕೈ ತೊಳೆಯಲು ಹೋದ. ರಿಸಿಮಾಟಿಯನ್ನು ಊಟಕ್ಕೆ ಉಳಿಸಿಕೊಂಡೆವು. ಮೂವರೂ ಕೈಹಿಡಿದು ತಲೆ ಬಾಗಿಸಿದೆವು. ಸಾರೆಲ್‌ನ ಪ್ರಾರ್ಥನೆ ಎಂದರೆ ಸಾರು ಆರುವ ಮೊದಲೇ ಮುಗಿಯುವ ಒಂದೇ ಉಸಿರಿನ ಮಾತು. ಅವತ್ತು ಒಂದೊಂದೇ ಮಾತಾಗಿ ಹೊರಬಂತು.

"ಕರ್ತನೇ, ಊಟಕ್ಕೆ ಸ್ತೋತ್ರ. ರಿಸಿಮಾಟಿ ಇಲ್ಲಿ ಕೂತು ಉಣ್ತಿದಾನಲ್ಲ, ಅದಕ್ಕೆ ಸ್ತೋತ್ರ. ನನ್ನ ಮಾನ ಕಳೆದ ಈ ಹೆಂಗಸಿಗೆ..." ನನ್ನ ಕೈಯನ್ನು ನೋಯುವಷ್ಟು ಹಿಸುಕಿ, "ಇವಳಿಗೆ ದೀರ್ಘಾಯುಸ್ಸು ಕೊಡು," ಅಂದ.

ನನಗೆ ಅಳು ತಡೆಯಲಾಗಲಿಲ್ಲ. ಆಮೆನ್ ಅಂದವನು ರಿಸಿಮಾಟಿ.