ನಾಲ್ಕರ ಮೇಲೊಂದು, ಮೂರರ ಮೇಲೊಂದು

ಸವತಿ ಹಾಲವ್ವ ಮನೆಗೆ ಬಂದು ಹದಿನಾರು ವರ್ಷವಾಗಿದ್ದರೂ ಸಾವಂತ್ರವ್ವನ ಹೊಟ್ಟೆಯ ಉರಿ ಆರಿರಲಿಲ್ಲ. ಹಿರೇಬೆಂಡಿಗೇರಿಯ ತೋಟದ ನಿಂಬೆಹಣ್ಣನ್ನು ತಲೆಯ ಮೇಲೆ ಹೊತ್ತು ತಂದು, ಶಿಗ್ಗಾಂವಿಯ ಸಂತೆಯಲ್ಲಿ ಇಬ್ಬರೂ ಅಕ್ಕಪಕ್ಕ ಕೂತು ಮಾರುತ್ತಿದ್ದರು. ಊರ ಕಣ್ಣಿಗೆ ಅಕ್ಕತಂಗಿಯರು. ಒಳಗಿನದು ಸಾವಂತ್ರವ್ವನಿಗೇ ಗೊತ್ತು.

ಹಣ್ಣು ಒಂದೇ ಗಿಡದ್ದು, ಒಟ್ಟುವ ಬಗೆ ಬೇರೆ. ಸಾವಂತ್ರವ್ವ ಚೌಕಾಕಾರವಾಗಿ ಹಣ್ಣು ಹಾಸಿ, ನಾಲ್ಕರ ನಡುವಿನ ತಗ್ಗಿನಲ್ಲಿ ಒಂದೊಂದನ್ನು ಕೂರಿಸುತ್ತ ಗೋಪುರ ಎಬ್ಬಿಸುವಳು. ಅದು ಬಂಕಾಪುರದ ಅವಳ ತವರಿನ ಪದ್ಧತಿ. ಹಾಲವ್ವ ತ್ರಿಕೋನವಾಗಿ ಹಾಸಿ, ಮೂರರ ನಡುವೆ ಒಂದನ್ನು ಕೂರಿಸುವಳು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಶಿಗ್ಗಾಂವಿಯ ಹೈಸ್ಕೂಲಿಗೆ ಮಹಮ್ಮದಗೌಸ ಎಂಬ ವಿಜ್ಞಾನದ ಮಾಸ್ತರರು ಬಂದರು. ಒಂದು ಸಂತೆಯ ದಿನ ಹತ್ತಾರು ಹುಡುಗರನ್ನು ಕಟ್ಟಿಕೊಂಡು ಬಂದವರೇ ನೆಟ್ಟಗೆ ಹಾಲವ್ವನ ಮುಂದೆ ಕುಕ್ಕರಗಾಲಲ್ಲಿ ಕೂತರು.

“ತಾಮ್ರದ ತಂಬಿಗಿ ನೋಡೀರಲಾ? ಅದರೊಳಗ ಪರಮಾಣು ಹಿಂಗಽ ಒತ್ತೊತ್ತಿ ಕುಂತಿರ್ತಾವ. ಗುಂಡಾಗಿದ್ದದ್ದನ್ನ ಇದಕ್ಕಿಂತ ಒತ್ತಾಗಿ ಒಟ್ಟಾಕ ಇನ್ನೂ ಯಾರ ಕೈಲೂ ಆಗಿಲ್ಲ,” ಎಂದರು.

ಹುಡುಗರು ಹಾಲವ್ವನ ಮುಖ ನೋಡಿದರು. ಅವಳು ನಾಚಿ ಬಾಯಿಗೆ ಸೆರಗು ಹಿಡಿದಳು.

ಪರಮಾಣು ಅಂದರೆ ಹಣ್ಣೋ ಕಾಯೋ ಸಾವಂತ್ರವ್ವನಿಗೆ ತಿಳಿಯದು. ತಿಳಿದದ್ದು ಇಷ್ಟೇ: ಮಕ್ಕಳನ್ನು ಹೆತ್ತವಳೂ ಈ ಹಾಲವ್ವನೇ, ಗಂಡನ ಕಣ್ಣಲ್ಲಿ ಉಳಿದವಳೂ ಇವಳೇ, ಈಗ ಸಾಲಿ ಮಾಸ್ತರರ ಬಾಯಲ್ಲೂ ಇವಳೇ. ಚೆಂದಾಗಿ ಹಣ್ಣು ಒಟ್ಟುವುದೊಂದು ತನ್ನದೆಂದು ಉಳಿದಿತ್ತು. ಅದನ್ನೂ ಕಸಿದುಕೊಂಡಿದ್ದಳು.

ಮುಂದಿನ ಸಂತೆಗೆ ಅವಳು ಹಾಲವ್ವನಿಗಿಂತ ಮೊದಲೇ ಬಂದು ಕೂತಳು. ಒಂದೇ ಗಾತ್ರದ ಹಣ್ಣು ಆರಿಸಿದಳು, ಸೆರಗಿನಿಂದ ಒರೆಸಿದಳು, ಏಳು ಅಂತಸ್ತು ಏರಿಸಿದಳು. ಮಾಸ್ತರರು ಮತ್ತೆ ಹುಡುಗರೊಂದಿಗೆ ಬಂದು ಹಾಲವ್ವನತ್ತ ತಿರುಗಿದಾಗ ತಾನೇ ಕರೆದಳು.

“ಮಾಸ್ತರ, ಇತ್ತಾಗೂ ಒಂದೀಟು ನೋಡ್ರಿ. ನಂದು ಹೆಚ್ಚೋ, ಅಕೀದು ಹೆಚ್ಚೋ, ಹುಡುಗರ ಮುಂದ ಹೇಳಿಬಿಡ್ರಿ.”

ಮಾಸ್ತರರು ಮೇಲಿನಿಂದ ನೋಡಿದರು. ಆಮೇಲೆ ತಲೆ ಬಗ್ಗಿಸಿ ಗೋಪುರದ ಇಳಿಜಾರನ್ನು ನೋಡಿದರು. ಅವರ ಮುಖ ಅರಳಿತು.

“ಇಲ್ಲಿ ಬರ್ರಿ ಎಲ್ಲಾರೂ. ಮ್ಯಾಲಿಂದ ನೋಡಿದ್ರ ಚೌಕ. ಇಳಿಜಾರಿನ ಕಡಿಂದ ನೋಡ್ರಿ, ತ್ರಿಕೋನ. ಹಾಲವ್ವಾರ ರಾಶಿನಽ ಓರೆ ಮಾಡಿ ಇಟ್ಟಂಗ ಐತಿ. ತಾಮ್ರದೊಳಗಿನ ಜೋಡಣಿ ಅದೂ ಹೌದು, ಇದೂ ಹೌದು.” ಅವಳತ್ತ ತಿರುಗಿ ನಕ್ಕರು. “ಅಕ್ಕಾರ, ನಿಮ್ಮದೂ ಹೆಚ್ಚಲ್ಲ, ಅವರದೂ ಹೆಚ್ಚಲ್ಲ. ಎರಡೂ ಒಂದಽ.”

“ಕೇಳಿದ್ಯಾ ಅಕ್ಕಾ? ನಂದೂ ನಿಂದೂ ಒಂದಽ ಅಂತ,” ಎಂದು ಹಾಲವ್ವ ಸರಿದು ಬಂದು ಅವಳ ಗೋಣಿತಟ್ಟಿನ ಮೇಲೆ ಕೂತಳು. ಅವಳ ದನಿಯಲ್ಲಿ ಕಪಟವಿರಲಿಲ್ಲ.

ಹಾಲವ್ವನದೇ ಹೆಚ್ಚು ಅಂದಿದ್ದರೆ ಸಾವಂತ್ರವ್ವ ಹೇಗೋ ನುಂಗಿಕೊಳ್ಳುತ್ತಿದ್ದಳು; ಆ ರೂಢಿ ಅವಳಿಗಿತ್ತು. ಸಮ ಅಂದದ್ದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಎರಡೂ ಕೈಯಿಂದ ತನ್ನ ಗೋಪುರವನ್ನು ಬಾಚಿ ಕೆಡವಿದಳು. ಹಣ್ಣುಗಳು ಹುಡುಗರ ಕಾಲಡಿ ಉರುಳಿದವು. ಹಾಲವ್ವ ಗಡಬಡಿಸಿ ಎದ್ದು ಒಂದೊಂದನ್ನೇ ಹೆಕ್ಕಿ ಉಡಿಯಲ್ಲಿ ಹಾಕಿಕೊಳ್ಳತೊಡಗಿದಳು.

“ಈಗ ಹೇಳ್ರಿ ಮಾಸ್ತರ,” ಎಂದಳು ಸಾವಂತ್ರವ್ವ. “ಈಗಾದ್ರೂ ಬ್ಯಾರೆ ಆತೋ ಇಲ್ಲೋ?”