ಪ್ರಮಿಲಾ ಗೋವಾಕ್ಕೆ ಹೋದದ್ದು

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಸೊಂಟದ ಮೇಲಿನ ಕೂಸನ್ನು ಇನ್ನೊಂದು ಬದಿಗೆ ಸರಿಸಿಕೊಂಡು ಪ್ರಮಿಲಾ ಒಳಗೆ ನೋಡಿದಳು. ಮೂವತ್ತೇಳು ಗಂಡಸರು ಅವಳನ್ನು ನೋಡಿದರು. ಅಷ್ಟು ಹೊತ್ತು ಬೀದರ ಬಸ್ ನಿಲ್ದಾಣದ ಆಚೆಗೂ ಕೇಳುವಂತಿದ್ದ ನಗು ಥಟ್ಟನೆ ನಿಂತಿತು. ಹಿಂದೆ ಯಾರೋ ಒಬ್ಬ ಚೀಲವನ್ನು ಕಾಲಿನಿಂದ ಸೀಟಿನ ಕೆಳಗೆ ತಳ್ಳಿದ. ಒಳಗಿದ್ದ ಬಾಟಲಿಗಳು ಒಂದಕ್ಕೊಂದು ತಾಗಿ ಸಪ್ಪಳ ಮಾಡಿದವು.

"ಮೇಡಂ," ಎಂದ ಪಂಪ್ ಕಂಪನಿಯ ಸೇಲ್ಸ್ ಆಫೀಸರ್ ನಾರಾಯಣ, ಕೈಯಲ್ಲಿದ್ದ ಪಟ್ಟಿಯನ್ನೊಮ್ಮೆ ಕೂಸನ್ನೊಮ್ಮೆ ನೋಡುತ್ತ, "ಕೂಸೂ ಬರ್ತದೇನ್ರಿ?"

"ಬರ್ತದ್ರಿ. ಬಿಟ್ಟು ಬರ್ಲಕ ಮನ್ಯಾಗ ಯಾರೂ ಇಲ್ಲ."

"ಇದು ಡೀಲರ್ ಟೂರ್ ಅದ ಮೇಡಂ. ಫ್ಯಾಮಿಲಿ ಟೂರ್ ಅಲ್ಲ."

"ನಾನೂ ಡೀಲರೇ ಅಲ್ಲೇನ್ರಿ?"

ನಾರಾಯಣ ಪಟ್ಟಿ ಮಡಚಿ ದಾರಿ ಬಿಟ್ಟ. ಮುಂದಿನ ಸೀಟಿನಲ್ಲಿದ್ದ ಮುದುಕ ಅಬ್ದುಲ ಸಮದ, ಬೀದರದ ಗಾಂಧಿ ಗಂಜ್ ಪೇಟೆಯ ಹಿಂದೆ ಮೂವತ್ತು ವರ್ಷದಿಂದ ಮೋಟರ್ ಮಾರುತ್ತಿದ್ದವರು, ತಮ್ಮ ಚೀಲ ಎತ್ತಿಕೊಂಡು ಎದ್ದರು. "ಇಲ್ಲಿ ಕೂಡ್ರಿ ಬೇಟಾ. ಗಾಳಿ ಬರ್ತದ. ಕೂಸಿಗಿ ವಾಂತಿ ಆಗಂಗಿಲ್ಲ," ಎಂದು ಹಿಂದಕ್ಕೆ ಹೋದರು. ಅವಳ ಪಕ್ಕದ ಸೀಟು ಗೋವಾ ಮುಟ್ಟುವವರೆಗೂ ಖಾಲಿಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ಹಿಂದೆ ಮಾತು ಮತ್ತೆ ಶುರುವಾಯಿತು, ಆದರೆ ತಗ್ಗಿದ ದನಿಯಲ್ಲಿ.

ಭಾಲ್ಕಿಯಲ್ಲಿ ಬೋರ್‌ವೆಲ್ ಮೋಟರಿನ ಅಂಗಡಿ ಇಟ್ಟವನು ಪ್ರಮಿಲಾಳ ಗಂಡ ಮಾಣಿಕ. ಹದಿನಾಲ್ಕು ತಿಂಗಳ ಹಿಂದೆ ಹುಮನಾಬಾದ ರಸ್ತೆಯಲ್ಲಿ ಅವನ ಬೈಕಿಗೆ ನೀರಿನ ಟ್ಯಾಂಕರ್ ಬಡಿದು ಅವನು ಸತ್ತಾಗ ಮಗಳು ಕುಮುದಿನಿಗೆ, ಎಲ್ಲರ ಕುಮುಗೆ, ಎಂಟು ತಿಂಗಳು. ದಿನಕರ್ಮ ಮುಗಿದ ಮರುವಾರ ಪ್ರಮಿಲಾ ಅಂಗಡಿಯ ಬಾಗಿಲು ತೆಗೆದು ಕುಳಿತಾಗ ಎದುರಿನ ಅಂಗಡಿಯವರು ಇದು ನಾಲ್ಕು ದಿನದ ಮಾತು ಅಂದುಕೊಂಡರು. ಮೆಕ್ಯಾನಿಕ್ ಸುಭಾನನಿಂದ ಅವಳು ಒಂದೊಂದಾಗಿ ಕಲಿತಳು: ಎಷ್ಟು ಅಡಿಗೆ ಎಷ್ಟು ಎಚ್‌ಪಿ, ಯಾವ ಬೋರಿಗೆ ಯಾವ ಪೈಪು, ಮೋಟರಿನೊಳಗೆ ಸುಟ್ಟ ತಂತಿ ವೈಂಡಿಂಗಿನ ವಾಸನೆ ಹೇಗಿರುತ್ತದೆ. ಅದು ಬರದ ಎರಡನೆಯ ವರ್ಷ. ಕಾರಂಜಾ ಜಲಾಶಯದ ತಳ ಬಿರುಕು ಬಿಟ್ಟಿತ್ತು. ಬೋರ್ ಕೊರೆಯುವ ಲಾರಿಗಳು ಹಗಲೂ ರಾತ್ರಿ ಓಡಾಡುತ್ತಿದ್ದವು. ನಾಲ್ಕು ನೂರು ಅಡಿಗೆ ಸಿಗುತ್ತಿದ್ದ ನೀರು ಏಳು ನೂರಕ್ಕೂ ಸಿಗದಾಗ ಜನ ಇನ್ನೂ ದೊಡ್ಡ ಮೋಟರು ಕೇಳಿಕೊಂಡು ಬರುತ್ತಿದ್ದರು. ಅಂಗಡಿ ಹುಟ್ಟಿದಾಗಿನಿಂದ ಅಂಥ ವ್ಯಾಪಾರ ಕಂಡಿರಲಿಲ್ಲ.

ಡೀಲರ್‌ಶಿಪ್ಪಿನ ಕಾಗದ ಮಾತ್ರ ಇನ್ನೂ ಮಾಣಿಕನ ಹೆಸರಿನಲ್ಲೇ ಇತ್ತು. ಕಂಪನಿಯ ದೊಡ್ಡ ಸಾಹೇಬರು ಗೋವಾದಲ್ಲಿ ಹೊಸ ಕಾಗದಗಳನ್ನು ತಮ್ಮ ಕೈಯಾರೆ ಕೊಡುತ್ತಾರೆ ಎಂದು ತಿಳಿದ ದಿನವೇ ಮೈದುನ ನರಸಿಂಗ ಮನೆಗೆ ಬಂದ. "ಹೆಣ್ಮಗಳು ಗೋವಾಕ್ಕ ಹೋಗಿ ಏನ್ ಮಾಡ್ತಿ ವೈನಿ? ನಾ ಹೋಗಿ ಸಹಿ ಮಾಡಿ ಬರ್ತೇನಿ. ಕಾಗದದಾಗ ಗಂಡಸ ಹೆಸರಿದ್ರ ಛಲೋ."

"ಅಂಗಡ್ಯಾಗ ನಾ ಕುಂದ್ರತೇನಿ. ಹೆಸರೂ ನಂದೇ ಇರ್ಲಿ," ಎಂದಿದ್ದಳು ಪ್ರಮಿಲಾ.

ಅತ್ತೆ ಅಂಜನಾಬಾಯಿ ಜೋಳದ ಹಿಟ್ಟು ನಾದುತ್ತ ತಲೆ ಎತ್ತದೆ ಹೇಳಿದಳು: "ಕೂಸಿಗಿ ನಾ ಹಿಡ್ಯಂಗಿಲ್ಲ. ಬಿಟ್ಟು ಹ್ಯಾಂಗ ಹೋಗ್ತಿ ನೋಡ್ತೇನಿ."

ಹಗಲೆಲ್ಲ ಕೂಸನ್ನು ನೋಡಿಕೊಳ್ಳುತ್ತಿದ್ದ ಹಿಂದಿನ ಓಣಿಯ ಶಾಲುಬಾಯಿ ದೀಪಾವಳಿಗೆ ಮುಂಚೆಯೇ ಪುಣೆಗೆ ಹೋಗಿದ್ದಳು, ಕಟ್ಟಡದ ಕೆಲಸಕ್ಕೆ. ಅವಳೊಬ್ಬಳೇ ಅಲ್ಲ, ಆ ಓಣಿಯೇ ಹೋಗಿತ್ತು. ಅಷ್ಟೂರು ಹಳ್ಳಿಯ ತವರಿನಲ್ಲಿ ತಾಯಿ ಹಾಸಿಗೆ ಹಿಡಿದಿದ್ದಳು. ಹಾಗಾಗಿ ಬಿಟ್ಟು ಹೋಗುವ ಮಾತೇ ಬರಲಿಲ್ಲ. ಪ್ರಮಿಲಾ ಎರಡು ಪುಟ್ಟ ಫ್ರಾಕು, ಒಂದು ಡಬ್ಬಿ ರವೆ ಉಂಡಿ, ಜ್ವರದ ಔಷಧ ಚೀಲಕ್ಕೆ ಹಾಕಿಕೊಂಡು ಕೂಸನ್ನು ಎತ್ತಿಕೊಂಡೇ ಹೊರಟಳು.

ಗೋವಾದ ಆ ರೆಸಾರ್ಟಿನ ಬಾಗಿಲಲ್ಲಿಯೇ ಬೋರ್ಡು ಇತ್ತು. ಹದಿನೆಂಟು ವರ್ಷ ದಾಟದವರಿಗೆ ಒಳಗೆ ಪ್ರವೇಶವಿಲ್ಲ. ಕೌಂಟರಿನ ಹಿಂದಿನ ಹುಡುಗಿಗೆ ಕುಮು ಕೈ ಬೀಸಿದಳು. ಹುಡುಗಿಯ ಕೈ ಅರ್ಧ ಮೇಲೆದ್ದು, ಪಕ್ಕದಲ್ಲಿದ್ದ ಮ್ಯಾನೇಜರನನ್ನು ಕಂಡು ಇಳಿಯಿತು. ನಾರಾಯಣ ಬೆವರು ಒರೆಸಿಕೊಳ್ಳುತ್ತ ಯಾರುಯಾರಿಗೋ ಫೋನು ಮಾಡಿದ. ಒಂದು ತಾಸಿನ ಮೇಲೆ ಪ್ರಮಿಲಾಳಿಗೆ ಕೋಣೆ ಸಿಕ್ಕಿತು. ಎಲ್ಲರಿಗೂ ಸಮುದ್ರದ ಕಡೆಗೆ, ಅವಳಿಗೆ ಹಿಂದುಗಡೆ, ಬಟ್ಟೆ ಒಗೆಯುವ ಲಾಂಡ್ರಿಯ ಪಕ್ಕಕ್ಕೆ. ಕೂಸನ್ನು ಊಟದ ಹಾಲಿಗೆ ತರಬಾರದು, ಈಜುಕೊಳದ ಹತ್ತಿರ ಬಿಡಬಾರದು ಎಂದೂ ಹೇಳಿದರು.

ಆದರೆ ಕೋಣೆಗೆ ಹೋಗುವ ದಾರಿಯೇ ಈಜುಕೊಳದ ಪಕ್ಕದಲ್ಲಿತ್ತು. ಅಷ್ಟು ನೀರನ್ನು ಒಂದೇ ಕಡೆ ಕಂಡು ಕುಮು ತಾಯಿಯ ಸೊಂಟದ ಮೇಲೆ ಜಿಗಿದಳು. "ಟ್ಯಾಂಕರ್! ಆಯಿ, ಟ್ಯಾಂಕರ್ ಬಂತು! ಕೊಡಾ, ಕೊಡಾ!" ಎಂದು ಕೂಗಿ ಸುತ್ತಲೂ ಕೊಡ ಹುಡುಕತೊಡಗಿದಳು. ನೀರಿನಲ್ಲಿ ಎದೆಮಟ್ಟ ನಿಂತಿದ್ದ ಡೀಲರುಗಳು ಕೈಯಲ್ಲಿ ಗ್ಲಾಸು ಹಿಡಿದುಕೊಂಡೇ ನಕ್ಕರು. ಕಾವಲುಗಾರ ಬಂದು ಕೈ ಮಾಡಿ ಮುಂದೆ ನಡೆಯಲು ಹೇಳಿದ.

ಕೋಣೆಯಲ್ಲಿ ಎಸಿ ತಣ್ಣಗೆ ಕೊರೆಯುತ್ತಿತ್ತು. ಕಿಟಕಿ ತೆರೆದರೆ ತಂತಿಯ ಮೇಲೆ ಸಾಲು ಸಾಲಾಗಿ ಬಿಳಿ ಚಾದರಗಳು. ಅವು ಗಾಳಿಗೆ ಸರಿದಾಗ ಮಾತ್ರ, ಬೆರಳಿನಷ್ಟು ಅಗಲ, ಸಮುದ್ರ. ಪ್ರಮಿಲಾ ತನ್ನ ಜೀವನದಲ್ಲಿ ಮೊದಲ ಸಲ ಸಮುದ್ರ ನೋಡಿದ್ದು ಹಾಗೆ. ಅದನ್ನು ಹೇಳಿಕೊಳ್ಳಲು ಒಬ್ಬರೂ ಇಲ್ಲವೆನ್ನಿಸಿ ಫೋನು ಎತ್ತಿಕೊಂಡಳು. ಯಾರ ಹೆಸರು ಒತ್ತಬೇಕೆಂದು ಹೊಳೆಯದೆ ಕೆಳಗಿಟ್ಟಳು. ಕೂಸು ಇನ್ನೂ ಟ್ಯಾಂಕರ್ ಟ್ಯಾಂಕರ್ ಎಂದು ಹಟ ಹಿಡಿದು ಅಳುತ್ತಿತ್ತು.

ಬಾಗಿಲು ಬಡಿದ ಸದ್ದಾಯಿತು. ನೀಲಿ ಸಮವಸ್ತ್ರದ ಹೆಂಗಸೊಬ್ಬಳು ಟವೆಲುಗಳ ರಾಶಿ ಹಿಡಿದು ಒಳಗೆ ಬಂದವಳು ನಿಂತುಬಿಟ್ಟಳು.

"ಟ್ಯಾಂಕರ್ ಅಂತದಲ್ಲ! ನಮ್ಮ ಕಡೀದು ಅದೇನ್ರಿ ಈ ಕೂಸು?"

ಆ ಮಾತು ಕಿವಿಗೆ ಬಿದ್ದದ್ದೇ ಪ್ರಮಿಲಾ ಎದ್ದು ನಿಂತಳು. "ಭಾಲ್ಕ್ಯಾಗಿನವ್ರರಿ. ನಿಮ್ದು ಯಾವೂರು ಅಕ್ಕಾ?"

"ಔರಾದ ಕಡಿ, ಚಿಂತಾಕಿ. ನನ್ನ ಹೆಸರ ಕೌಸಲ್ಯಾಬಾಯಿ." ಟವೆಲುಗಳನ್ನು ಮಂಚದ ಮೇಲಿಟ್ಟು ಅವಳು ಎರಡೂ ಕೈ ಚಾಚಿದಳು. ಹೊಸಬರನ್ನು ಕಂಡರೆ ಮುಖ ಮುಚ್ಚಿಕೊಳ್ಳುವ ಕುಮು ಅಳು ನಿಲ್ಲಿಸಿ ಅವಳ ಕೈಗೆ ಹೋದಳು. ಕೌಸಲ್ಯಾಬಾಯಿ ಕೂಸಿನ ತಲೆಯನ್ನು ಮೂಸಿ ನೋಡಿದಳು. "ನಂದೂ ಇಷ್ಟೇ ಅದರಿ. ಊರಾಗ ಅತ್ತಿ ಕಡಿ ಬಿಟ್ಟೀನಿ. ಎಂಟ ತಿಂಗಳಾತು. ಈಗ ಮಾತಾಡ್ತದಂತ. ಫೋನಿನಾಗ ನನ್ನ ಸಂಗಟ ಮಾತ್ರ ಆಡಂಗಿಲ್ಲ."

"ಮನ್ಯವ್ರು?"

"ಹೈದ್ರಾಬಾದಿಗಿ ಹೋಗ್ಯಾರ. ಎರಡು ಬೋರ್ ಹೊಡಿಸಿದ್ವಿರಿ ಹೊಲದಾಗ. ಮೋಟರ್ ಇಳಿಸಿದ್ವಿ. ಮೊದಲಿಂದು ಹದಿನೈದ ದಿನ ನೀರ ಕೊಡ್ತು. ಎರಡನೇದು ಬರೀ ಮಣ್ಣ ಉಗುಳ್ತು." ಬೇರೆ ಯಾರದೋ ಮನೆಯ ಸಂಗತಿಯನ್ನು ಹೇಳುವವಳ ಹಾಗೆ ಹೇಳಿ, ಅವಳು ಕೂಸಿನ ಮೂಗು ಒರೆಸಿದಳು. "ನೀವ ಯಾತರ ಕೆಲಸಕ್ಕ ಬಂದೀರಿ ಅಕ್ಕೋರೆ?"

ಭಾಲ್ಕಿಯಲ್ಲಿ, ಬೀದರದಲ್ಲಿ, ಯಾರು ಕೇಳಿದರೂ ತಲೆ ಎತ್ತಿ ಹೇಳುತ್ತಿದ್ದ ಮಾತು ಆಗ ಬಾಯಿಗೆ ಬರಲಿಲ್ಲ.

"ಅಂಗಡಿ ಅದರಿ ನಂದು," ಎಂದಳು ಪ್ರಮಿಲಾ. "ಕಿರಾಣಿ ಅಂಗಡಿ."

ಮರುದಿನ ಮಧ್ಯಾಹ್ನ ನಾರಾಯಣ ಬಾಗಿಲ ಹೊರಗೇ ನಿಂತು ತಿಳಿಸಿದ. ನಾಲ್ಕು ಗಂಟೆಗೆ ಹಡಗು ಹೊರಡುತ್ತದೆ, ಏಳಕ್ಕೆ ವಾಪಸು. ಕಾರ್ಯಕ್ರಮ ಹಡಗಿನ ಮೇಲೆಯೇ. ಅಲ್ಲಿಗೆ ಕೂಸನ್ನು ಬಿಡುವುದಿಲ್ಲ. ಸಾಹೇಬರು ಅಲ್ಲಿಂದಲೇ ವಿಮಾನಕ್ಕೆ ಹೋಗುತ್ತಾರೆ.

"ನೀವು ಬರ್ಲಿಲ್ಲಂದ್ರ ನನ್ನ ಕೈಯಾಗ ಏನೂ ಇಲ್ಲ ಮೇಡಂ. ನಿಮ್ಮ ಮೈದುನರು ಮುಂಜಾನಿಂದ ಎರಡ ಸಲ ಫೋನ್ ಮಾಡ್ಯಾರ," ಎಂದು ಬೇರೆ ಕಡೆ ನೋಡಿದ.

ಪ್ರಮಿಲಾ ಲಾಂಡ್ರಿಗೆ ಹೋದಳು. ಕೌಸಲ್ಯಾಬಾಯಿ ಒದ್ದೆ ಕೈಯನ್ನು ಒರೆಸಿಕೊಳ್ಳುತ್ತ ಎಲ್ಲ ಕೇಳಿದಳು. "ಇಲ್ಲೇ ಹಿಂದ ಕುಂದ್ರಸ್ಕೋತೇನಿ. ಸೂಪರ್‌ವೈಜರ್ ನೋಡಿದ್ರ ಕೆಲಸದಾಗಿಂದ ತಗೀತಾನ, ಆದ್ರ ಅಂವ ಇತ್ಲಾಗ ಬರೂದು ಕಡಿಮಿ. ಹೋಗಿ ಬರ್ರಿ." ಹಿಂದಿರುಗಿ ನೋಡಿದರೆ ಕೂಸು ಅಳುತ್ತದೆಂದು ಪ್ರಮಿಲಾ ನೋಡದೆ ನಡೆದಳು. ಕೂಸು ಅಳಲಿಲ್ಲ. ಅದು ಅವಳಿಗೆ ಹಡಗು ಹತ್ತುವವರೆಗೂ ಚುಚ್ಚುತ್ತಲೇ ಇತ್ತು.

ಹಡಗಿನ ಮೇಲೆ ಕುಣಿಯುವ ಹುಡುಗಿಯರಿದ್ದರು, ಕಿವಿ ಗಡಚಿಕ್ಕುವ ಹಾಡಿತ್ತು. ಪ್ರಮಿಲಾ ಹತ್ತಿರ ಸುಳಿದರೆ ಡೀಲರುಗಳು ಗ್ಲಾಸನ್ನು ಬೆನ್ನಿನ ಹಿಂದೆ ಮರೆ ಮಾಡುತ್ತಿದ್ದರು. ಅವರ ಮುಜುಗರಕ್ಕೆ ತಾನೇ ಕಾರಣವೆಂದು ಅವಳು ಕಂಬಿಯ ಬಳಿ ದೂರ ಹೋಗಿ ನಿಂತಳು. ಸೊಂಟದ ಮೇಲೆ ಕೂಸಾಗಲಿ ಕೈಗೆ ಕೆಲಸವಾಗಲಿ ಇಲ್ಲದೆ, ಇಪ್ಪತ್ತೆರಡು ತಿಂಗಳಲ್ಲಿ ಮೊದಲ ಸಲ ಅವಳ ಎರಡೂ ಕೈ ಬರಿದಾಗಿದ್ದವು. ಅವುಗಳನ್ನು ಎಲ್ಲಿಡಬೇಕೋ ತಿಳಿಯದೆ ಸೆರಗು ಸುತ್ತಿಕೊಂಡಳು. ಅಬ್ದುಲ ಸಮದ ಒಂದು ಕುರ್ಚಿ ಎಳೆದುಕೊಂಡು ಬಂದು ಕೊಟ್ಟರು. "ಕೂಸು?" ಎಂದರು. "ಮಲಗ್ಯದ್ರಿ," ಎಂದಳು.

ದೊಡ್ಡ ಸಾಹೇಬರು ಮೈಕು ಹಿಡಿದರು. ಕಂಪನಿ ಈ ವರ್ಷ ಬೀದರ ಜಿಲ್ಲೆಯಲ್ಲಿ ಮಾರಿದಷ್ಟು ಮೋಟರುಗಳನ್ನು ಇನ್ನೆಲ್ಲೂ ಮಾರಿಲ್ಲ ಎಂದರು. "ಇಂಥದೇ ಇನ್ನೊಂದು ವರ್ಷ ಬರಲಿ. ಮುಂದಿನ ಸಲ ಬ್ಯಾಂಕಾಕ್!"

ಗಂಡಸರು ಸಿಳ್ಳೆ ಹಾಕಿ ಚಪ್ಪಾಳೆ ತಟ್ಟಿದರು. ಪ್ರಮಿಲಾಳೂ ತಟ್ಟಿದಳು. ನಾಲ್ಕೈದು ಸಲ ತಟ್ಟಿದ ಮೇಲೆ ಮಾತಿನ ಅರ್ಥ ತಲೆಗೆ ಹೋಗಿ ಕೈಗಳು ನಿಂತವು. ಅಬ್ದುಲ ಸಮದರು ತಟ್ಟಿರಲಿಲ್ಲ, ಅವರು ನೀರನ್ನು ನೋಡುತ್ತಿದ್ದರು.

ಅವಳ ಹೆಸರು ಕರೆದರು. ಗಾಜಿನೊಳಗೆ ಬಂಗಾರದ ಬಣ್ಣದ ಪುಟ್ಟ ಮೋಟರು ನಿಲ್ಲಿಸಿದ ಒಂದು ಟ್ರೋಫಿ, ಜೊತೆಗೆ ಒಂದು ಲಕೋಟೆ. ಅವಳು ಅಲ್ಲಿಯೇ ನಿಂತು ಲಕೋಟೆ ಬಿಚ್ಚಿ ಓದಿದಳು. ಶ್ರೀಮತಿ ಪ್ರಮಿಲಾ ಮಾಣಿಕ, ಭಾಲ್ಕಿ. ಇನ್ನೊಮ್ಮೆ ಓದಿ, ಸಾಹೇಬರು ತೋರಿಸಿದ ಜಾಗದಲ್ಲಿ ಸಹಿ ಮಾಡಿದಳು. ಅದಕ್ಕಾಗಿಯೇ ಇಷ್ಟು ದೂರ ಬಂದವಳು. ಫೋಟೋ ತೆಗೆಯುವವನು ನಗಲು ಹೇಳಿದ, ನಕ್ಕಳು.

ದಡಕ್ಕೆ ಮರಳಿದಾಗ ಏಳೂವರೆಯಾಗಿತ್ತು. ಪ್ರಮಿಲಾ ಕಾಗದ ಮತ್ತು ಟ್ರೋಫಿಯನ್ನು ಎದೆಗವಚಿಕೊಂಡು ಬಹುತೇಕ ಓಡಿದಳು. ಲಾಂಡ್ರಿಯಲ್ಲಿ ಒಂದೇ ಒಂದು ದೀಪ ಉರಿಯುತ್ತಿತ್ತು. ಒಗೆಯುವ ಯಂತ್ರಗಳ ಹಿಂದೆ, ಚಾದರಗಳ ಗಂಟಿನ ಮೇಲೆ ಕೌಸಲ್ಯಾಬಾಯಿ ಕಾಲು ಚಾಚಿ ಕುಳಿತಿದ್ದಳು. ಕುಮು ಅವಳ ತೊಡೆಯ ಮೇಲೆ ಬಾಯಿ ತೆರೆದು ಮಲಗಿದ್ದಳು. ಪಕ್ಕದಲ್ಲಿ ತಟ್ಟೆ, ಅದರಲ್ಲಿ ಕಲಸಿದ ಅನ್ನದ ಎರಡು ತುತ್ತು ಉಳಿದಿದ್ದವು.

"ಹೊಟ್ಟಿ ತುಂಬ ಉಂಡದ," ಎಂದಳು ಕೌಸಲ್ಯಾಬಾಯಿ. ಆಮೇಲೆ ಅವಳ ಕಣ್ಣು ಟ್ರೋಫಿಯ ಮೇಲೆ ಬಿತ್ತು. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಅದನ್ನು ಗುರುತಿಸಲು ಅಕ್ಷರ ಬೇಕಿರಲಿಲ್ಲ.

"ಇದು ಮೋಟರ್ ಅಲ್ಲೇನ್ರಿ?"

"ಹೂಂ," ಎಂದಳು ಪ್ರಮಿಲಾ. ಟ್ರೋಫಿಯನ್ನು ನೆಲದ ಮೇಲಿಟ್ಟಳು. "ನಂದು ಕಿರಾಣಿ ಅಂಗಡಿ ಅಲ್ಲಕ್ಕಾ. ಮೋಟರ್ ಅಂಗಡಿ. ನಿನ್ನಿ ಸುಳ್ಳ ಹೇಳಿದ್ನಿ."

"ಮೆಲ್ಲಕ ಮಾತಾಡ್ರಿ. ಕೂಸು ಎದ್ದೀತು."

ಒಂದು ಯಂತ್ರ ತಿರುಗುವುದನ್ನು ಮುಗಿಸಿ ನಿಂತಿತು. ಪ್ರಮಿಲಾ ಬೈಗುಳಕ್ಕೆ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೌಸಲ್ಯಾಬಾಯಿ ಕೂಸಿನ ಹಣೆಗೆ ಅಂಟಿದ ಕೂದಲನ್ನು ಹಿಂದಕ್ಕೆ ಸರಿಸಿದಳು.

"ನಮ್ಮ ಮೋಟರ್ ಭಾಲ್ಕ್ಯಾಗ ತಂದಿದ್ದಲ್ರಿ," ಎಂದಳು ಕೊನೆಗೆ. "ಎರಡೂ ಉದಗೀರದಾಗ ತಂದಿದ್ವಿ."

ಅದು ಖರೆಯೋ, ಅಥವಾ ಅವಳೂ ಈಗ ಒಂದು ಸುಳ್ಳು ಹೇಳಿದಳೋ, ಪ್ರಮಿಲಾಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ. ಕೂಸನ್ನು ಎತ್ತಿಕೊಳ್ಳಲು ಬಾಗಿದಳು. ಕೌಸಲ್ಯಾಬಾಯಿಯ ಕೈ ಕೂಸಿನ ಬೆನ್ನ ಮೇಲಿಂದ ಏಳಲಿಲ್ಲ. ಅವಳು ತಡೆಯಲಿಲ್ಲ, ಬಿಡಲೂ ಇಲ್ಲ.

"ತುಸು ಹೊತ್ತ ಇರ್ಲಿ ಅಕ್ಕೋರೆ," ಎಂದಳು. "ಈಗೇ ಮಲಗ್ಯದ."

ಹೊರಗೆ ಅಂಗಳದಲ್ಲಿ ಬೂಟಿನ ಸಪ್ಪಳ ಕೇಳಿಸಿತು. "ಕೌಸಲ್ಯಾ!" ಎಂದು ಗಂಡಸಿನ ದನಿ. ಇನ್ನೊಂದು ಸಲ, ಇನ್ನೂ ಹತ್ತಿರದಿಂದ, "ಕೌಸಲ್ಯಾ!" "ಸೂಪರ್‌ವೈಜರ್," ಎಂದು ಪಿಸುಗುಟ್ಟಿ ಅವಳು ಕಣ್ಣು ಮುಚ್ಚಿಕೊಂಡು ಅಲುಗಾಡದೆ ಕುಳಿತಳು.

ಪ್ರಮಿಲಾ ಎದ್ದು ಬಾಗಿಲಿಗೆ ಹೋದಳು. ಹಿಂದಿನಿಂದ ಬರುತ್ತಿದ್ದ ಬೆಳಕನ್ನು ಸೆರಗು ಅಗಲಿಸಿ ಮರೆ ಮಾಡಿ, ಎರಡೂ ಕೈಗಳನ್ನು ಚೌಕಟ್ಟಿಗೆ ಆನಿಸಿ, ಅವನು ಬರುವ ದಿಕ್ಕಿಗೆ ಮುಖ ಮಾಡಿ ನಿಂತಳು.